ಕ್ರೆಟಾ ಚಲೋನೋ, ಗ್ರ್ಯಾಂಡ್ ವಿಟಾರಾ ಚಲೋನೋ: ಎರೆನಾಡಿನ ನಂಬಿಕೆಗಳು, ಗಾಡಿಯ ವಾಸ್ತವ

"ಎಸ್‌ಯುವಿ ಅಂದ್ರ ಹೊಲಕ್ಕೂ ಹೋಗ್ತದ, ಊರಿಗೂ ಹೋಗ್ತದ." ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮನೆಗೆ ದೊಡ್ಡ ಗಾಡಿ ತರುವ ಮಾತು ಎದ್ದಾಗ ಮೊದಲು ಬರುವ ಮಾತು ಇದೇ. ಆಯ್ಕೆ ಕೊನೆಗೆ ಎರಡಕ್ಕೆ ಬಂದು ನಿಲ್ಲುವುದೂ ಹೆಚ್ಚು: ಒಂದು ಹ್ಯುಂಡೈ ಕ್ರೆಟಾ, ಇನ್ನೊಂದು ಮಾರುತಿ ಗ್ರ್ಯಾಂಡ್ ವಿಟಾರಾ ಅಥವಾ ಅದರ ಅವಳಿ ಟೊಯೊಟಾ ಹೈರೈಡರ್. ಹದಿನೈದು ಲಕ್ಷದ ಆಸುಪಾಸಿನ ಈ ಖರ್ಚು ಅನೇಕ ಮನೆಗಳಲ್ಲಿ ಎರಡು ಮೂರು ಸುಗ್ಗಿಯ ಉಳಿತಾಯ. ಅಷ್ಟು ಹಣ ಬರೀ ಕೇಳಿದ ಮಾತಿನ ಮೇಲೆ ಹೋಗಬಾರದು.

ಹೊಲದ ಮಾತನ್ನೇ ಮೊದಲು ನೋಡೋಣ. ನಮ್ಮಲ್ಲಿ ಮಾರಾಟವಾಗುವ ಕ್ರೆಟಾ ಮುಂದಿನ ಎರಡು ಚಕ್ರಗಳಿಂದ ಮಾತ್ರ ಎಳೆಯುವ ಗಾಡಿ. ಗ್ರ್ಯಾಂಡ್ ವಿಟಾರಾದಲ್ಲೂ ಹೆಚ್ಚಿನವು ಹಾಗೇ. ನಾಲ್ಕೂ ಚಕ್ರಕ್ಕೆ ಬಲ ಹೋಗುವುದು ಮೈಲ್ಡ್ ಹೈಬ್ರಿಡ್ ಎಂಜಿನ್‌ನ ಆಯ್ದ ಮಾದರಿಯಲ್ಲಿ ಮಾತ್ರ. ಅದಿದ್ದರೂ ಎರೆಮಣ್ಣಿನ ಮುಂದೆ ಅದರ ಆಟ ಕಡಿಮೆ. ಮಳೆ ಬಿದ್ದರೆ ಎರೆ ನೀರು ಕುಡಿದು ಉಬ್ಬುತ್ತದೆ, ಜಿಗುಟಾಗುತ್ತದೆ. ಡಾಂಬರಿಗೆಂದು ಮಾಡಿದ ಟೈರಿನ ಸಣ್ಣ ಗೆರೆಗಳಲ್ಲಿ ಅದು ಮೆತ್ತಿಕೊಂಡಿತೆಂದರೆ ಚಕ್ರದ ಮೈ ನುಣ್ಣಗೆ, ಬೆಣ್ಣೆ ಸವರಿದ ಹಾಗೆ. ನಾಲ್ಕು ಚಕ್ರ ಎಳೆದರೆ ನಾಲ್ಕೂ ಜಾರುತ್ತವೆ. ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿದರೆ ಚಕ್ರ ತಿರುಗುವುದೇ ಕಷ್ಟ. ಟ್ರ್ಯಾಕ್ಟರ್ ಅದೇ ಹೊಲದಲ್ಲಿ ನಡೆಯುವುದು ಅದರ ಚಕ್ರದ ಆಳವಾದ ಹಲ್ಲುಗಳಿಂದ. ಮೆತ್ತಿದ ಮಣ್ಣನ್ನು ಆ ಹಲ್ಲು ಚೆಲ್ಲಿಬಿಡುತ್ತವೆ. ಮಳೆಗಾಲದಲ್ಲಿ ಹೊಲಕ್ಕೆ ಹೋಗುವ ಕೆಲಸ ನಿಜವಾಗಿ ಇರುವವರು ಈ ಎರಡರಲ್ಲಿ ಯಾವುದನ್ನು ತಂದರೂ ಬೈಕನ್ನು ಮಾರಬಾರದು.

ನೆಲದಿಂದ ಗಾಡಿಯ ಎತ್ತರವನ್ನು ಕ್ರೆಟಾಕ್ಕೆ 190 ಮಿ.ಮೀ., ಗ್ರ್ಯಾಂಡ್ ವಿಟಾರಾಕ್ಕೆ 210 ಮಿ.ಮೀ. ಎಂದು ಹೇಳುತ್ತಾರೆ. 20 ಮಿ.ಮೀ. ಸಣ್ಣದಲ್ಲ, ಹಳ್ಳಿಯ ಬಾಯಲ್ಲಿ ಜನರೇ ಹಾಕಿಕೊಂಡ ಹಂಪ್‌ಗಳಿಗೆ ಇದು ಗೊತ್ತಾಗುತ್ತದೆ. ಆದರೆ ಐದು ಜನ ಕೂತು, ಡಿಕ್ಕಿಯಲ್ಲಿ ಜಾತ್ರೆಯ ಸಾಮಾನು ತುಂಬಿದರೆ ಸ್ಪ್ರಿಂಗ್ ಕುಸಿದು ಯಾವ ಗಾಡಿಯಾದರೂ ತಗ್ಗುತ್ತದೆ. ಶೋರೂಮಿನವರು ಒಬ್ಬರನ್ನೇ ಕೂರಿಸಿ ತೋರಿಸುವ ಟೆಸ್ಟ್ ಡ್ರೈವ್‌ನಿಂದ ಇದು ತಿಳಿಯುವುದಿಲ್ಲ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಿಮ್ಮೂರಿನ ಹಂಪ್ ಮೇಲೆಯೇ ಹತ್ತಿಸಿ ನೋಡಬೇಕು.

ಎತ್ತರದ ಗಾಡಿ ನೀರನ್ನೂ ದಾಟುತ್ತದೆ ಎಂಬ ನಂಬಿಕೆ ಮಾತ್ರ ಜೀವಕ್ಕೆ ಎರವು. ತಾಳಿಕೋಟೆ ಕಡೆ ಡೋಣಿ ನದಿ ಉಕ್ಕಿದಾಗ ತಗ್ಗು ಸೇತುವೆಗಳು ಮುಳುಗುತ್ತವೆ. ಹರಿಯುವ ನೀರು ಎರಡು ಅಡಿ ಇದ್ದರೆ ಎಸ್‌ಯುವಿಗಳನ್ನೂ ತೇಲಿಸಿ ಒಯ್ಯಬಲ್ಲದು. ಸಣ್ಣ ಕಾರಿಗೆ ಒಂದು ಅಡಿ ಸಾಕು. ಕೊಚ್ಚಿಹೋಗದಿದ್ದರೂ ಗಾಳಿಯ ಕೊಳವೆಯಿಂದ ನೀರು ಒಳಹೊಕ್ಕರೆ ಎಂಜಿನ್ ರಾಡ್ ಬಾಗುತ್ತದೆ. ನಿಂತು ಕಾಯುವುದು, ಇಲ್ಲವೇ ಸುತ್ತಿ ಬರುವುದು. ಬೇರೆ ದಾರಿ ಇಲ್ಲ.

ಈಗ ಆ್ಯವರೇಜ್. "ಡೀಸೆಲ್ ತಗೊಂಡ್ರ ಉಳಿತಾಯ" ಎಂಬುದು ನಮ್ಮ ಕಡೆ ತಲೆಮಾರಿನ ನಂಬಿಕೆ. ಪೆಟ್ರೋಲಿಗೂ ಡೀಸೆಲ್‌ಗೂ ದೊಡ್ಡ ಅಂತರವಿದ್ದ ಕಾಲಕ್ಕೆ ಅದು ನಿಜವೂ ಆಗಿತ್ತು. ಈಗಿನ ಲೆಕ್ಕ ಹಾಕೋಣ. ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಎಂದುಕೊಳ್ಳಿ. ಪೆಟ್ರೋಲ್ ಗಾಡಿ ಲೀಟರಿಗೆ 15, ಡೀಸೆಲ್ 17 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ಉಳಿಯುವುದು ಸುಮಾರು ಒಂದೂವರೆ ರೂಪಾಯಿ. ಡೀಸೆಲ್ ಮಾದರಿಗೆ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ, ಅದು ವಾಪಸ್ ಬರಲು ಒಂದು ಲಕ್ಷ ಕಿ.ಮೀ. ಓಡಿಸಬೇಕು. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ಅದು ಎಂಟು ವರ್ಷ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಎಂದು ದಿನಕ್ಕೆ ಮೂರ್ನಾಲ್ಕು ಕಿ.ಮೀ. ಮಾತ್ರ ಓಡಿಸುವವರಿಗೆ ಇನ್ನೊಂದು ತೊಂದರೆ: ಬಿಎಸ್6 ಡೀಸೆಲ್‌ನ ಹೊಗೆಮಸಿ ಹಿಡಿಯುವ ಫಿಲ್ಟರ್ ಸುಟ್ಟು ಶುಚಿಯಾಗಲು ದೂರದ, ಬಿಸಿಯೇರಿದ ಓಟ ಬೇಕು. ಅದು ಸಿಗದಿದ್ದರೆ ಕಟ್ಟಿಕೊಳ್ಳುತ್ತದೆ. ವಾರವಾರ ಸೊಲ್ಲಾಪುರಕ್ಕೋ ಕಲಬುರಗಿಗೋ ಓಡುವ ವ್ಯಾಪಾರಿಗೆ ಕ್ರೆಟಾ ಡೀಸೆಲ್ ಈಗಲೂ ಸರಿ. ಉಳಿದವರು ಲೆಕ್ಕ ಹಾಕಿಯೇ ಮುಂದುವರಿಯಲಿ.

ಗ್ರ್ಯಾಂಡ್ ವಿಟಾರಾದ ಹೈಬ್ರಿಡ್ ಬಗೆಗಿನ ಗೊಂದಲ ಇದಕ್ಕಿಂತ ದೊಡ್ಡದು. "ಕರೆಂಟ್ ಹೋದ್ರ ಚಾರ್ಜ್ ಹೆಂಗ?" ಎಂದು ಕೇಳುವವರಿದ್ದಾರೆ. ಇದನ್ನು ಪ್ಲಗ್‌ಗೆ ಹಾಕುವ ಮಾತೇ ಇಲ್ಲ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ, ಎಂಜಿನ್ ಓಡುವಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಸ್ಟ್ರಾಂಗ್ ಹೈಬ್ರಿಡ್‌ನ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿಯೂ ಇದೆ. ಮೋಸಹೋಗುವುದು ಹೆಸರಿನಲ್ಲಿ. ಸ್ಮಾರ್ಟ್ ಹೈಬ್ರಿಡ್ ಎಂದು ಮಾರುವುದು ಸುಜುಕಿಯ ಮೈಲ್ಡ್ ಹೈಬ್ರಿಡ್, ಅದರ ಪುಟ್ಟ ಮೋಟಾರು ಗಾಡಿಯನ್ನು ಒಂಟಿಯಾಗಿ ಎಳೆಯಲಾರದು. ಕಂಪನಿ ಹೇಳುವ 27.97 ಕಿ.ಮೀ. ಟೊಯೊಟಾ ತಂತ್ರದ ಸ್ಟ್ರಾಂಗ್ ಹೈಬ್ರಿಡ್‌ನದು. ಮೈಲ್ಡ್ ಕೊಂಡು ಸ್ಟ್ರಾಂಗ್‌ನ ಆ್ಯವರೇಜ್ ನಿರೀಕ್ಷಿಸಬಾರದು. ಸ್ಟ್ರಾಂಗ್‌ನ ಲಾಭವೂ ನಿಂತು ಹೊರಡುವ ದಾರಿಯಲ್ಲಿ, ಪೇಟೆಯ ಇಕ್ಕಟ್ಟಿನಲ್ಲಿ ಹೆಚ್ಚು. ಸಿಂದಗಿ, ವಿಜಯಪುರ, ನಿಡಗುಂದಿ ಹಾಯ್ದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಒಂದೇ ವೇಗದಲ್ಲಿ ಓಡಿದರೆ ಡೀಸೆಲ್‌ನೊಡನೆ ಅಂತರ ಕಿರಿದಾಗುತ್ತದೆ. ಬ್ಯಾಟರಿ ಡಿಕ್ಕಿಯ ಜಾಗವನ್ನೂ ತಿನ್ನುತ್ತದೆ. ಕ್ರೆಟಾದ 433 ಲೀಟರಿನ ಡಿಕ್ಕಿ ನೋಡಿದ ಕಣ್ಣಿಗೆ ಅದು ಚಿಕ್ಕದೇ. ಇನ್ನು ಟೊಯೊಟಾದ್ದು ಬೇರೆ, ಮಾರುತಿಯದ್ದು ಬೇರೆ ಎನ್ನುವವರಿಗೆ ಒಂದು ಮಾತು: ಹೈರೈಡರ್, ಗ್ರ್ಯಾಂಡ್ ವಿಟಾರಾ ಎರಡೂ ತಯಾರಾಗುವುದು ನಮ್ಮ ಬಿಡದಿಯ ಒಂದೇ ಕಾರ್ಖಾನೆಯಲ್ಲಿ. ಹಾಗಾಗಿ ಸರ್ವಿಸ್ ಯಾವುದು ಹತ್ತಿರ ಎಂಬುದೇ ನಿಮ್ಮ ಆಯ್ಕೆಯನ್ನು ತೀರ್ಮಾನಿಸಲಿ.

"ಡೀಸೆಲ್ ಗಾಡಿ ಹತ್ತು ವರ್ಷಕ್ಕ ಗುಜರಿ" ಎಂಬ ಭಯ ದೆಹಲಿ ಸುತ್ತಲಿನ ನಿಯಮದಿಂದ ಹಬ್ಬಿದ್ದು. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ತಪಾಸಣೆಯಲ್ಲಿ ಪಾಸಾದರೆ ಮತ್ತೆ ಐದು ವರ್ಷಕ್ಕೆ ನವೀಕರಣ.

ಇಂಡಿಯವರಿಗೆ ಸೊಲ್ಲಾಪುರ ಹತ್ತಿರ. ಅಲ್ಲಿ ನೋಂದಣಿ ಮಾಡಿಸಿದರೆ ತೆರಿಗೆ ಉಳಿಯಿತು ಎಂಬ ಸಲಹೆ ಬರುತ್ತಲೇ ಇರುತ್ತದೆ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ನಮ್ಮ ಆಜೀವ ತೆರಿಗೆ ಶೇಕಡಾ 17, ಮೇಲೆ ಸೆಸ್. ಮಹಾರಾಷ್ಟ್ರದಲ್ಲಿ ಕಡಿಮೆ, ನಿಜ. ಆದರೆ ಅಲ್ಲಿ ನೋಂದಣಿಗೆ ಅಲ್ಲಿನ ವಿಳಾಸ ಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಗಾಡಿಯನ್ನು ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಅಲ್ಲಿಯೇ ಮರುನೋಂದಾಯಿಸಬೇಕು. ವಿಜಯಪುರದ ಕೆಎ-28 ಫಲಕ ತಪ್ಪಿಸಿ ಉಳಿಸಿದ್ದು ಮುಂದೆ ತಪಾಸಣೆಯಲ್ಲಿ ಹೋಗುತ್ತದೆ.

ಕೊನೆಯದು "ಭಾರ ಇದ್ರ ಭದ್ರ". ತಗಡನ್ನು ಬೆರಳಿಂದ ತಟ್ಟಿ ಗಾಡಿಯ ಗಟ್ಟಿತನ ಹೇಳುವವರನ್ನು ನಂಬಬೇಡಿ. ಹೊರಗಿನ ತಗಡು ಜೀವ ಉಳಿಸುವುದಿಲ್ಲ; ಒಳಗಿನ ಉಕ್ಕಿನ ಚೌಕಟ್ಟು, ಬೆಲ್ಟ್, ಏರ್‌ಬ್ಯಾಗ್ ಉಳಿಸುತ್ತವೆ. 2022ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕ್ರೆಟಾಕ್ಕೆ ಸಿಕ್ಕಿದ್ದು ಮೂರು ತಾರೆ. ಅದೇ ವರ್ಷ, ತೂಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ಸ್ಕೋಡಾ ಕುಶಾಕ್‌ಗೆ ಐದು. ಆಗ ಪರೀಕ್ಷಿಸಿದ ಕ್ರೆಟಾದಲ್ಲಿ ಎರಡೇ ಏರ್‌ಬ್ಯಾಗ್ ಇದ್ದವು. 2024ರ ಹೊಸ ರೂಪದಲ್ಲಿ ಎಲ್ಲ ಮಾದರಿಗೂ ಆರು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಾಡಿ ಯಾವ ವರ್ಷದ್ದು, ಎಷ್ಟು ಏರ್‌ಬ್ಯಾಗ್ ಎಂದು ಮೊದಲು ಕೇಳಬೇಕು. ಹಿಂದೆ ಕೂತ ಅಜ್ಜ ಅಜ್ಜಿಗೂ ಬೆಲ್ಟ್ ಹಾಕಿಸಬೇಕು.

ಕಬ್ಬು ಕಡಿಯುವ ತಿಂಗಳುಗಳಲ್ಲಿ ನಮ್ಮ ರಸ್ತೆಗಳಲ್ಲಿ ಹಿಂದಿನ ದೀಪವಿಲ್ಲದ, ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಕತ್ತಲಲ್ಲಿ ನಿಂತಿರುತ್ತವೆ. ಅದಕ್ಕಾಗಿ ಹೆಡ್‌ಲೈಟಿನ ಬೆಳಕು ತಿಳಿಯಲು ಎರಡೂ ಗಾಡಿಗಳನ್ನು ರಾತ್ರಿ ಒಮ್ಮೆ ಓಡಿಸಿ ನೋಡಲು ಕೇಳಿ. ಸನ್‌ರೂಫ್ ಎಷ್ಟು ಅಗಲ ಎಂಬುದು ಆಮೇಲಿನ ಮಾತು. ಮೇ ತಿಂಗಳ ಬಿಸಿಲಲ್ಲಿ ಅದನ್ನು ಹೇಗೂ ಮುಚ್ಚಿಯೇ ಇಡುತ್ತೀರಿ.