ಕತ್ತಲಲ್ಲಿ ಕಾಣುವ ಕಣ್ಣು: ಗೋದಾಮಿಗೆ ಯಾವುದು ತಕ್ಕದ್ದು?

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ತೊಗರಿ ಸುಗ್ಗಿ ಮುಗಿದೊಡನೆ ವರ್ತಕರ ಬಂಡವಾಳ ಗೋದಾಮು ಸೇರುತ್ತದೆ. ರಾತ್ರಿ ಕಾವಲಿಗೆ ಕ್ಯಾಮೆರಾ ಕೊಳ್ಳುವ ಮುನ್ನ ಇರುಳುನೋಟದ ಮೂರು ವಿಧಾನಗಳನ್ನು ಅರಿಯುವುದು ಲೇಸು.

ಮೊದಲನೆಯದು ಎರಡನೇ ಮಹಾಯುದ್ಧದಲ್ಲಿ ಬಳಕೆಗೆ ಬಂದಿತು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬೀರಿ, ಮರಳಿ ಬಂದುದನ್ನು ಗ್ರಹಿಸುವುದೇ ಇದರ ಕ್ರಮ. ಸಾಮಾನ್ಯ ಸಿಸಿಟಿವಿ ಕ್ಯಾಮೆರಾಗಳು ರಾತ್ರಿ ಕಪ್ಪುಬಿಳುಪು ಚಿತ್ರ ನೀಡುವುದು ಹೀಗೆಯೇ.

ಎರಡನೆಯದು 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಬಳಕೆಯಾಯಿತು. ನಕ್ಷತ್ರಗಳ ಮಂದ ಬೆಳಕನ್ನು ಎಲೆಕ್ಟ್ರಾನುಗಳಾಗಿ ಮಾರ್ಪಡಿಸಿ, ಅವನ್ನು ಸಾವಿರಾರು ಪಟ್ಟು ಹೆಚ್ಚಿಸಿ, ಹಸಿರು ಪರದೆಯ ಮೇಲೆ ಚಿತ್ರವಾಗಿ ಮೂಡಿಸಲಾಗುತ್ತದೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಸೇನೆಗೆ ಇಂತಹ ಸಾಧನಗಳನ್ನು ಒದಗಿಸುತ್ತದೆ. ವರ್ತಕರಿಗೆ ಇವು ಅನಗತ್ಯ.

ಮೂರನೆಯದು ಥರ್ಮಲ್ ಕ್ಯಾಮೆರಾ. ಇದಕ್ಕೆ ಬೆಳಕೇ ಬೇಡ. ವಸ್ತುಗಳು ಹೊರಸೂಸುವ ಶಾಖವನ್ನೇ ಚಿತ್ರವಾಗಿಸುತ್ತದೆ. ಕಾದ ಬೇರಿಂಗ್, ಸಡಿಲಗೊಂಡ ವಿದ್ಯುತ್ ಜೋಡಣೆಗಳನ್ನು ಬೆಂಕಿ ಹೊತ್ತುವ ಮುನ್ನವೇ ತೋರಿಸಬಲ್ಲದು. ಆದರೆ ಗಾಜಿನಾಚೆ ಕಾಣದು, ಮುಖದ ಗುರುತು ಸಿಗದು, ಬೆಲೆಯೂ ಹೆಚ್ಚು.

ದಾಲ್ ಮಿಲ್ಲಿನ ಧೂಳು ಇನ್‌ಫ್ರಾರೆಡ್ ಬೆಳಕನ್ನು ಮರಳಿಸಿ ಚಿತ್ರವನ್ನು ಮಬ್ಬಾಗಿಸುತ್ತದೆ. ಆದ್ದರಿಂದ ಕ್ಯಾಮೆರಾದ ಗಾಜನ್ನು ಆಗಾಗ ಒರೆಸುತ್ತಿರಬೇಕು. ಗೋದಾಮಿನ ಬಾಗಿಲಿಗೆ ಸಾಮಾನ್ಯ ಕ್ಯಾಮೆರಾ, ಯಂತ್ರಗಳ ಹಾಗೂ ವಿದ್ಯುತ್ ಫಲಕದ ತಪಾಸಣೆಗೆ ಆಗಾಗ ಥರ್ಮಲ್ ಸಾಧನ, ಸಣ್ಣ ಉದ್ಯಮಿಗೆ ಇಷ್ಟು ಸಾಕು. ಹಣ ಸಲ್ಲಿಸುವ ಮುನ್ನ ರಾತ್ರಿ ವೇಳೆ ತಮ್ಮ ಸ್ಥಳದಲ್ಲಿಯೇ ಪರೀಕ್ಷಿಸತಕ್ಕದ್ದು.