ಕುಡಿತ ಬಿಡಲು ತೋಟ ಬಿಡಬೇಕಿಲ್ಲ



2007ರ ಜುಲೈ ತಿಂಗಳಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು, ಕುಡಿತ ನಿಲ್ಲಲಿಲ್ಲ. ಬಟವಾಡೆಯ ಸಂಜೆ ಕೂಲಿ ಲೈನುಗಳಲ್ಲೂ, ಸದಸ್ಯರ ಮನೆಗಳಲ್ಲೂ ಅದರ ಫಲವನ್ನು ನಾವು ಕಾಣುತ್ತಲೇ ಇದ್ದೇವೆ.

ಕುಡುಕನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು ಅಪಾಯ. ಬಹುಕಾಲ ದಿನವೂ ಹೆಚ್ಚಾಗಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಕೈನಡುಕ, ಬೆವರು ಶುರುವಾಗಿ, ಎರಡು ಮೂರು ದಿನಗಳಲ್ಲಿ ಫಿಟ್ಸ್ ಅಥವಾ ಬುದ್ಧಿಭ್ರಮೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಮೊದಲು ವೈದ್ಯರಿಗೆ ತೋರಿಸಬೇಕು. ಕೆಲವರು ಆಸ್ಪತ್ರೆಗೆ ಸೇರಬೇಕಾದೀತು. ಅನೇಕರು ಮನೆಯಲ್ಲಿದ್ದುಕೊಂಡೇ, ಹೊರರೋಗಿಯಾಗಿ ಹೋಗಿಬಂದು ಗುಣ ಹೊಂದಬಹುದು.

ಔಷಧಿಯ ಜೊತೆಗೆ ಆಪ್ತಸಲಹೆ ಬೇಕು. ಯಾವ ಹೊತ್ತಿಗೆ, ಯಾರ ಜೊತೆ, ಯಾವ ಚಿಂತೆಗೆ ಕುಡಿಯುತ್ತಾನೆಂದು ಕೇಳಿ ತಿಳಿದು, ಆ ಹೊತ್ತನ್ನು ದಾಟುವ ದಾರಿಯನ್ನು ಸಲಹೆಗಾರರು ಅವನೊಡನೆಯೇ ಹುಡುಕುತ್ತಾರೆ. ಸಂತೆಯ ದಿನ ಹಣವನ್ನು ಮಡದಿಯ ಕೈಗೆ ಕೊಡುವುದೂ ಅಂಥದೊಂದು ದಾರಿ. ನಡುವೆ ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಅಷ್ಟಕ್ಕೆ ಭೇಟಿ ಬಿಡಬಾರದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ 14416ಕ್ಕೆ ಖರ್ಚಿಲ್ಲದೆ ಕನ್ನಡದಲ್ಲೇ ಮಾತಾಡಬಹುದು.

ಮನೆಯವನಿರಲಿ, ಕೆಲಸದವನಿರಲಿ, ಕೊಯ್ಲಿನ ಭರದಲ್ಲೂ ಭೇಟಿಯ ದಿನ ಬಿಡುವು ಕೊಡಿ, ಕೂಲಿ ಮುರಿಯಬೇಡಿ ಎಂಬುದು ನಮ್ಮ ವಿನಂತಿ. ಹಣ್ಣು ಒಂದು ದಿನ ತಡೆದೀತು.