ಲೆಕ್ಕದ ನುಡಿ, ನ್ಯಾಯದ ನುಡಿ

ಪ್ರತಿಯೊಂದು ಕಸುಬಿಗೂ ತನ್ನದೇ ಆದ ನುಡಿಯೊಂದು ಉಂಟು. ನೇಕಾರನಿಗೆ ಹಾಸು, ಹೊಕ್ಕು ಎಂಬ ಮಾತುಗಳು ಎಷ್ಟು ಸಹಜವೋ ಅಕ್ಕಸಾಲಿಗನಿಗೆ ಒರೆ, ಬೆಸುಗೆ ಎಂಬ ಮಾತುಗಳು ಅಷ್ಟೇ ಸಹಜ. ನೆಲ ಹದಕ್ಕೆ ಬಂದಿದೆ ಎಂದು ರೈತನು ಹೇಳಿದರೆ ಬಿತ್ತನೆಗೆ ತಕ್ಕ ತೇವ ಮಣ್ಣಿನಲ್ಲಿದೆ ಎಂದು ಅರ್ಥ. ಪಾಕ ಹದಕ್ಕೆ ಬಂದಿದೆ ಎಂದು ಅಡುಗೆಯವನು ಹೇಳಿದರೆ ಬೆಲ್ಲ ಎಳೆಗಟ್ಟಿದೆ ಎಂದು ಅರ್ಥ. ಮಾತು ಒಂದೇ ಆದರೂ ಕಸುಬು ಬದಲಾದಂತೆ ಅದರ ಅರ್ಥವೂ ಬದಲಾಗುತ್ತದೆ. ವಕೀಲರ ಮತ್ತು ಲೆಕ್ಕಿಗರ ನುಡಿಯೂ ಇಂತಹುದೇ. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ದೇಶದಲ್ಲಿ ಈ ಎರಡು ವೃತ್ತಿಗಳ ನುಡಿ ಬಹುಮಟ್ಟಿಗೆ ಇಂಗ್ಲಿಷ್ ಆಗಿದೆ. ಅದನ್ನು ತಪ್ಪಾಗಿ ತಿಳಿದುಕೊಂಡರೆ ಅದರ ಪರಿಣಾಮ ಮತ್ತೊಬ್ಬರ ಮನೆ, ಹೊಲ, ಉಳಿತಾಯಗಳ ಮೇಲೆ ಆಗುತ್ತದೆ.

ಸಂವಿಧಾನದ 348ನೆಯ ವಿಧಿಯ ಪ್ರಕಾರ, ಸಂಸತ್ತು ಬೇರೆ ಏರ್ಪಾಟು ಮಾಡುವವರೆಗೆ ಸರ್ವೋಚ್ಚ ನ್ಯಾಯಾಲಯದ ಮತ್ತು ಉಚ್ಚ ನ್ಯಾಯಾಲಯಗಳ ಕಲಾಪಗಳು ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಉಚ್ಚ ನ್ಯಾಯಾಲಯದ ಕಲಾಪಗಳಲ್ಲಿ ರಾಜ್ಯದ ಭಾಷೆಯನ್ನು ಬಳಸಲು ರಾಷ್ಟ್ರಪತಿಗಳ ಪೂರ್ವ ಸಮ್ಮತಿ ಪಡೆದು ರಾಜ್ಯಪಾಲರು ಅನುಮತಿ ನೀಡಬಹುದಾದರೂ, ತೀರ್ಪಿಗೆ ಈ ಅನುಮತಿ ಅನ್ವಯಿಸುವುದಿಲ್ಲ. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ಕನ್ನಡದ ಬಳಕೆ ಇದೆ. ಆದರೆ ಮೇಲ್ಮನವಿಯೊಂದು ಬೆಂಗಳೂರಿಗೆ ಹೋದೊಡನೆ ಕಾಗದಪತ್ರಗಳು ಇಂಗ್ಲಿಷಿಗೆ ತಿರುಗಬೇಕಾಗುತ್ತದೆ. ದೊಡ್ಡ ಕಂಪನಿಗಳ ಲೆಕ್ಕಪತ್ರಗಳೂ ಅವುಗಳ ಪರಿಶೋಧನಾ ವರದಿಗಳೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಇರುತ್ತವೆ. ಆದುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯು ಈ ವೃತ್ತಿಗಳನ್ನು ಬಯಸಿದಾಗ ಅವನ ಮುಂದೆ ಒಂದು ಏರುದಾರಿ ಇರುತ್ತದೆ.

ಈ ಏರು ಇಂಗ್ಲಿಷನ್ನು ಚೆನ್ನಾಗಿ ಬಲ್ಲವರಿಗೂ ತಪ್ಪಿದ್ದಲ್ಲ. ಇಲ್ಲಿ ತೊಡಕನ್ನು ಉಂಟುಮಾಡುವ ಪದಗಳು ಅಪರಿಚಿತವಾದವುಗಳಲ್ಲ, ಪರಿಚಿತವಾದವುಗಳೇ. ‘ಕನ್ಸಿಡರೇಷನ್’ ಎಂದರೆ ದಿನಬಳಕೆಯಲ್ಲಿ ಆಲೋಚನೆ ಅಥವಾ ದಾಕ್ಷಿಣ್ಯ. 1872ರ ಭಾರತೀಯ ಕರಾರು ಅಧಿನಿಯಮದಲ್ಲಿ ಅದಕ್ಕೆ ಪ್ರತಿಫಲ ಎಂದು ಅರ್ಥ. ಒಬ್ಬನು ಕೊಡುವ ವಾಗ್ದಾನಕ್ಕೆ ಬದಲಾಗಿ ಮತ್ತೊಬ್ಬನು ಮಾಡುವುದೋ, ಮಾಡದೆ ಬಿಡುವುದೋ, ಹಾಗೆಂದು ಮಾತು ಕೊಡುವುದೋ ಈ ಪ್ರತಿಫಲ. ‘ಇಂಟರೆಸ್ಟ್’ ಎಂಬುದು ಸಾಮಾನ್ಯರಿಗೆ ಆಸಕ್ತಿ, ಲೆಕ್ಕಿಗನಿಗೆ ಬಡ್ಡಿ, ವಕೀಲನಿಗೆ ಆಸ್ತಿಯ ಮೇಲಿನ ಹಕ್ಕು. ‘ಪ್ರಾವಿಷನ್’ ಎಂಬುದು ಅಂಗಡಿಯಲ್ಲಿ ದಿನಸಿ, ಶಾಸನದಲ್ಲಿ ಉಪಬಂಧ, ಲೆಕ್ಕದಲ್ಲಿ ಮುಂದೆ ಬರಬಹುದಾದ ಹೊರೆಗಾಗಿ ತೆಗೆದಿರಿಸಿದ ಮೊತ್ತ. ನಿಘಂಟಿನ ಮೊದಲನೆಯ ಅರ್ಥವನ್ನಷ್ಟೇ ನಂಬಿ ನಡೆದವನು ಇಲ್ಲಿ ದಾರಿ ತಪ್ಪುತ್ತಾನೆ.

ಈ ನುಡಿ ಇಷ್ಟು ಕಗ್ಗಂಟಾದುದಕ್ಕೆ ಇತಿಹಾಸವೂ ಒಂದು ಕಾರಣ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿ ಆಳುವವರ ಭಾಷೆ ಫ್ರೆಂಚ್ ಆಯಿತು. ಕಾಲಕ್ರಮದಲ್ಲಿ ನ್ಯಾಯಾಲಯದ ವಾದವೂ ಫ್ರೆಂಚಿನಲ್ಲಿ ನಡೆಯತೊಡಗಿತು. ದಾಖಲೆಗಳನ್ನು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದರು. ತನ್ನ ಮೊಕದ್ದಮೆಯಲ್ಲಿ ಏನು ನಡೆಯುತ್ತಿದೆ ಎಂಬುದು ಇಂಗ್ಲಿಷ್ ರೈತನಿಗೇ ತಿಳಿಯುತ್ತಿರಲಿಲ್ಲ! ಜನರಿಗೆ ಫ್ರೆಂಚ್ ತಿಳಿಯದೆಂಬ ಕಾರಣದಿಂದ ವಾದವು ಇಂಗ್ಲಿಷಿನಲ್ಲಿ ನಡೆಯಬೇಕೆಂದು 1362ರಲ್ಲಿ ಶಾಸನವಾಯಿತು. ಆದರೂ ನ್ಯಾಯಾಲಯದ ದಾಖಲೆಗಳಿಗೆ ಇಂಗ್ಲಿಷ್ ಕಡ್ಡಾಯವಾದುದು 1733ರಲ್ಲಿ. ಈ ಮೂರು ಭಾಷೆಗಳ ಬೆರಕೆಯ ಗುರುತು ಇಂದಿಗೂ ಅಳಿದಿಲ್ಲ. ‘ಮಾರ್ಟ್‌ಗೇಜ್’ ಫ್ರೆಂಚಿನಿಂದ ಬಂದಿತು. ‘ಅಫಿಡವಿಟ್’ ಲ್ಯಾಟಿನ್ನಿನಿಂದ ಬಂದಿತು.

ಅನ್ಯಭಾಷೆಯ ವ್ಯವಹಾರಪದಗಳನ್ನು ಕಲಿಯುವುದು ಕನ್ನಡಿಗರಿಗೆ ಹೊಸತೇನೂ ಅಲ್ಲ. ದಾವೆ, ವಕೀಲ, ಜಾಮೀನು, ಅಸಲು, ನಕಲು, ಜಮಾ, ಖರ್ಚು, ಬಾಕಿ ಎಂಬುವೆಲ್ಲ ಅರಬ್ಬಿ ಮತ್ತು ಪಾರಸಿಗಳಿಂದ ಬಂದು ನಮ್ಮವೇ ಆಗಿಹೋಗಿವೆ. ಅವುಗಳನ್ನು ಅರಗಿಸಿಕೊಂಡ ನಾಲಗೆಗೆ ‘ಡೆಬಿಟ್’, ‘ಕ್ರೆಡಿಟ್’ ಎಂಬುವು ಭಾರವಾಗಬೇಕಿಲ್ಲ.

ಈ ಎರಡು ಪದಗಳನ್ನು ಉರು ಹೊಡೆಯುವುದಕ್ಕಿಂತ ಅವುಗಳ ಹಿಂದಿರುವ ವಿಚಾರವನ್ನು ತಿಳಿಯುವುದು ಲೇಸು. ವೆನಿಸ್ ನಗರದ ವರ್ತಕರು ಬಳಸುತ್ತಿದ್ದ ಜೋಡಿ ನಮೂದಿನ ಪದ್ಧತಿಯನ್ನು ಇಟಲಿಯ ಗಣಿತಜ್ಞ ಲೂಕಾ ಪಚೋಲಿ 1494ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಪ್ರತಿಯೊಂದು ವ್ಯವಹಾರಕ್ಕೂ ಕೊಡುವ ಮುಖ ಒಂದು, ಪಡೆಯುವ ಮುಖ ಒಂದು. ಎರಡನ್ನೂ ಬರೆಯಬೇಕೆಂಬುದೇ ಈ ಪದ್ಧತಿಯ ತಿರುಳು. ಒಬ್ಬನು ಬ್ಯಾಂಕಿನಲ್ಲಿ 500 ರೂಪಾಯಿ ಕಟ್ಟಿದರೆ ಅವನ ಪಾಸ್ ಪುಸ್ತಕದಲ್ಲಿ ಅದು ‘ಕ್ರೆಡಿಟ್’ ಎಂದು ದಾಖಲಾಗುತ್ತದೆ. ಅದೇ ಹಣವನ್ನು ಅವನು ತನ್ನ ಸ್ವಂತ ಲೆಕ್ಕದ ಪುಸ್ತಕದಲ್ಲಿ ಬ್ಯಾಂಕಿನ ಖಾತೆಗೆ ‘ಡೆಬಿಟ್’ ಎಂದು ಬರೆಯಬೇಕು. ಇದರಲ್ಲಿ ವಿರೋಧವಿಲ್ಲ. ಪಾಸ್ ಪುಸ್ತಕವು ಬ್ಯಾಂಕಿನ ಲೆಕ್ಕದ ಪ್ರತಿ. ಅಲ್ಲಿ ಬ್ಯಾಂಕು ಸಾಲಗಾರ, ಹಣ ಕಟ್ಟಿದವನು ಧಣಿ. ಅವನ ಪುಸ್ತಕದಲ್ಲಿ ಅದೇ ಸಂಗತಿಯನ್ನು ಇನ್ನೊಂದು ಬದಿಯಿಂದ ಕಂಡಂತಾಯಿತು. ಯಾರ ಪುಸ್ತಕ ಎಂದು ಮೊದಲು ಕೇಳಿಕೊಂಡವನಿಗೆ ಗೊಂದಲವಿಲ್ಲ.

ನ್ಯಾಯದ ನುಡಿಯಲ್ಲಿ ಚಿಕ್ಕ ಪದಗಳಿಗೂ ದೊಡ್ಡ ತೂಕವಿದೆ. ಸಾಮಾನ್ಯವಾಗಿ ಶಾಸನದಲ್ಲಿ ‘ಶಲ್’ ಎಂದಿದ್ದರೆ ಮಾಡಲೇಬೇಕು, ‘ಮೇ’ ಎಂದಿದ್ದರೆ ಮಾಡಬಹುದು. ಪದಗಳ ಮಾತಿರಲಿ, ಒಂದು ಅಲ್ಪವಿರಾಮವೂ ಮೊಕದ್ದಮೆಗೆ ಕಾರಣವಾದುದುಂಟು. ಅಮೆರಿಕದ ಮೇನ್ ರಾಜ್ಯದಲ್ಲಿ ಕೆಲವು ಬಗೆಯ ಆಹಾರೋದ್ಯಮದ ಕೆಲಸಗಳಿಗೆ ಹೆಚ್ಚುವರಿ ದುಡಿಮೆಯ ವಿಶೇಷ ವೇತನ ಕೊಡಬೇಕಿಲ್ಲವೆಂಬ ಶಾಸನವಿತ್ತು. ಆ ಕೆಲಸಗಳ ಪಟ್ಟಿಯ ಕೊನೆಯಲ್ಲಿ ‘ಅಥವಾ’ ಎಂಬುದರ ಹಿಂದೆ ಅಲ್ಪವಿರಾಮವಿರಲಿಲ್ಲ. ಇದರಿಂದಾಗಿ, ಸಾಗಣೆಗಾಗಿ ಅಥವಾ ವಿತರಣೆಗಾಗಿ ಕಟ್ಟುವುದು ಎಂಬ ಒಂದೇ ಕೆಲಸವನ್ನು ಹೇಳಿದೆಯೋ, ವಿತರಣೆಯನ್ನು ಬೇರೊಂದು ಕೆಲಸವಾಗಿ ಹೇಳಿದೆಯೋ ಎಂಬ ಸಂದೇಹ ಹುಟ್ಟಿತು. ಹಾಲಿನ ಸಂಸ್ಥೆಯೊಂದರ ವಾಹನ ಚಾಲಕರು ವಿತರಣೆ ಮಾಡುತ್ತಿದ್ದರೇ ಹೊರತು ಕಟ್ಟುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯವು ಚಾಲಕರ ಪರವಾಗಿ ತೀರ್ಪಿತ್ತಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು.

ನಮ್ಮ ಊರುಗಳಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯುತ್ತದೆ. ಮೂವರು ಗೆಳೆಯರು ಕೂಡಿ 90,000 ರೂಪಾಯಿ ಸಾಲ ಪಡೆದು ಪತ್ರಕ್ಕೆ ರುಜು ಹಾಕುತ್ತಾರೆ ಎಂದುಕೊಳ್ಳೋಣ. ಪತ್ರದಲ್ಲಿ ‘ಜಾಯಿಂಟ್ಲಿ ಅಂಡ್ ಸೆವರಲಿ’ ಎಂಬ ಮಾತಿರುತ್ತದೆ. ತನ್ನ ಪಾಲಿಗೆ 30,000 ರೂಪಾಯಿ ಮಾತ್ರ ಎಂದು ಪ್ರತಿಯೊಬ್ಬನೂ ತಿಳಿದಿರುತ್ತಾನೆ. ಆದರೆ ಆ ಮಾತಿನ ಅರ್ಥ, ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ ಎಂದು. ಉಳಿದ ಇಬ್ಬರು ಕೈಚೆಲ್ಲಿದರೆ ಸಾಲ ಕೊಟ್ಟವರು ಪೂರ್ತಿ ಹಣವನ್ನು ಮೂರನೆಯವನಿಂದಲೇ ವಸೂಲು ಮಾಡಬಹುದು. ಹೀಗೆ ಕೊಟ್ಟವನು ಗೆಳೆಯರಿಂದ ಅವರವರ ಪಾಲನ್ನು ಕೇಳಲು ಕಾನೂನಿನಲ್ಲಿ ಅವಕಾಶವುಂಟು. ಆದರೆ ಅಷ್ಟರಲ್ಲಿ ಅವನ ಹೊಲ ಹರಾಜಿಗೆ ಬಂದಿರಲೂಬಹುದು. ರುಜು ಹಾಕುವ ಮುನ್ನ ಆ ಎರಡು ಪದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರೊಬ್ಬರು ಪಕ್ಕದಲ್ಲಿದ್ದರೆ ಅವನು ಯೋಚಿಸಿ ಹೆಜ್ಜೆಯಿಡುತ್ತಿದ್ದನು.

ಹಾಗಾದರೆ ಈ ನುಡಿಯನ್ನು ಕಲಿಯುವ ಬಗೆ ಹೇಗೆ? ಮೊದಲನೆಯದಾಗಿ, ಪದವನ್ನು ಒಂಟಿಯಾಗಿ ಕಲಿಯದೆ ವಾಕ್ಯದಲ್ಲಿಟ್ಟು ಕಲಿಯಬೇಕು. ಪುಸ್ತಕವೊಂದರಲ್ಲಿ ಪದದ ದಿನಬಳಕೆಯ ಅರ್ಥ, ವೃತ್ತಿಯ ಅರ್ಥ, ಅದಕ್ಕೆ ಸಲ್ಲುವ ಕನ್ನಡ ಪದ ಇವುಗಳನ್ನು ಎದುರುಬದುರಾಗಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎರಡನೆಯದಾಗಿ, ಉದ್ದವಾದ ವಾಕ್ಯಕ್ಕೆ ಹೆದರದೆ, ಯಾರು, ಏನನ್ನು, ಯಾವಾಗ, ಯಾವ ಷರತ್ತಿನ ಮೇಲೆ ಮಾಡಬೇಕು ಎಂದು ಕೇಳುತ್ತ ಅದನ್ನು ಬಿಡಿಸಬೇಕು. ಮೂರನೆಯದಾಗಿ, ಶಾಸನದ ಇಂಗ್ಲಿಷ್ ಪಾಠವನ್ನೂ ಕನ್ನಡ ಪಾಠವನ್ನೂ ಜೊತೆಯಲ್ಲಿಟ್ಟು ಓದಬೇಕು. ಸರ್ವೋಚ್ಚ ನ್ಯಾಯಾಲಯವು ತನ್ನ ಕೆಲವು ತೀರ್ಪುಗಳ ಕನ್ನಡ ಅನುವಾದವನ್ನು 2019ರಿಂದ ಪ್ರಕಟಿಸುತ್ತಿರುವುದು ಈ ಅಭ್ಯಾಸಕ್ಕೆ ಅನುಕೂಲವಾಗಿದೆ.

‘ಆಡಿಟ್’ ಎಂಬ ಪದದ ಮೂಲ ಕೇಳುವುದು ಎಂಬ ಅರ್ಥದ ಲ್ಯಾಟಿನ್ ಧಾತು. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು; ಪರಿಶೋಧಕನು ಕೇಳಿ ಒಪ್ಪುತ್ತಿದ್ದನು. ಲೆಕ್ಕವಾಗಲಿ ನ್ಯಾಯವಾಗಲಿ, ಕೇಳುವವನಿಗೆ ತಿಳಿಯುವಂತಿರಬೇಕೆಂಬ ನೀತಿ ಆ ಪದದಲ್ಲಿಯೇ ಅಡಗಿದೆ. ಕಠಿನವಾದ ಇಂಗ್ಲಿಷನ್ನು ಕಲಿತವನು ಅದನ್ನು ಹಿರಿಮೆಯ ಒಡವೆಯಂತೆ ತೊಟ್ಟು ಮೆರೆದರೆ ಕಲಿತದ್ದು ಅರ್ಧ ಮಾತ್ರ. ತನ್ನ ಮುಂದೆ ಕಾಗದ ಹಿಡಿದು ನಿಂತವನಿಗೆ ಅದರ ಅರ್ಥವನ್ನು ತಿಳಿಗನ್ನಡದಲ್ಲಿ ಹೇಳಬಲ್ಲವನಾದಾಗ ಅವನ ಕಲಿಕೆ ಪೂರ್ಣವಾಗುತ್ತದೆ.